ಅಗೆಯುವ ಅಧಿಕಾರ

ಬಂಟವಾಳ, ಬೆಳ್ತಂಗಡಿ, ಮೂಡಬಿದಿರೆ ಈ ಮೂರು ಪೇಟೆಗಳ ನಡುವಣ ವಾಮದಪದವಿನಲ್ಲಿ ಬೇಸಗೆಯ ದಿನ ನಡೆದಾಡುವವನಿಗೆ ಆ ಊರ ಹೆಸರಿನ ಅರ್ಥವು ಅಂಗಾಲಿಗೇ ತಿಳಿಯುತ್ತದೆ. ತುಳುವಿನಲ್ಲಿ ಪದವು ಎಂದರೆ ಗುಡ್ಡದ ನೆತ್ತಿಯ ಮೇಲಣ ಸಮತಟ್ಟಾದ ನೆಲ. ಮಳೆಗಾಲದಲ್ಲಿ ಹುಲ್ಲು ಹೊದೆದು ಹಸುರಾಗಿರುವ ಆ ನೆಲವು ಬಿಸಿಲು ಏರಿದೊಡನೆ ತನ್ನ ಮುರಕಲ್ಲಿನ ಕೆಂಪನ್ನು ತೋರಿಸುತ್ತದೆ. ಈ ಸೀಮೆಯ ಮನೆಗಳಿಗೂ ಶಾಲೆಗಳಿಗೂ ದೇವಸ್ಥಾನಗಳ ಪ್ರಾಕಾರಗಳಿಗೂ ಬಾವಿಕಟ್ಟೆಗಳಿಗೂ ಕಲ್ಲನ್ನು ಒದಗಿಸಿದವು ಇಂತಹ ಪದವುಗಳೇ. ಆದುದರಿಂದ ಇಲ್ಲಿಯ ಜನರಿಗೆ ಕಲ್ಲಿನ ಕೋರೆಯು ಹೊಸ ನೋಟವಲ್ಲ. ನೆಲದ ಮೇಲೆ ಗೆರೆ ಎಳೆದು, ಚೌಕ ಚೌಕವಾಗಿ ಕೊಯ್ದು, ಕಲ್ಲನ್ನು ಎಬ್ಬಿಸಿ ಗಾಡಿಗೆ ಹೇರುವುದನ್ನು ಅವರು ತಲೆಮಾರುಗಳಿಂದ ನೋಡಿದ್ದಾರೆ. ಮೊದಲು ಕೈಯಿಂದ ಮಾಡುತ್ತಿದ್ದ ಕೆಲಸವನ್ನು ಈಗ ಯಂತ್ರವು ಮಾಡುತ್ತದೆ, ಇಷ್ಟೇ ಭೇದ.

ಪ್ರಾಕ್ತನಶೋಧಕನು ಮಾಡತಕ್ಕ ಕೆಲಸವೂ ದೂರದಿಂದ ನೋಡುವವನಿಗೆ ಹೀಗೆಯೇ ಕಾಣುತ್ತದೆ. ಅವನೂ ನೆಲಕ್ಕೆ ಗೂಟ ಹೊಡೆಯುತ್ತಾನೆ, ಹಗ್ಗ ಎಳೆಯುತ್ತಾನೆ, ಚೌಕ ಚೌಕವಾಗಿ ಅಗೆಯುತ್ತಾನೆ, ಒಳಗಿನದನ್ನು ಎತ್ತಿ ಬೇರೆಡೆಗೆ ಸಾಗಿಸುತ್ತಾನೆ. ಇಬ್ಬರೂ ಹೊರಟುಹೋದ ಮೇಲೆ ಊರಿಗೆ ಉಳಿಯುವುದು ಗುಳಿಯೇ. ಕೋರೆಯ ಗುಳಿಯಲ್ಲಿ ಕಲ್ಲು ಮತ್ತೆ ಬೆಳೆಯುವುದಿಲ್ಲ; ಶೋಧಕನ ಗುಳಿಯಲ್ಲಿ ಕಾಲವು ಮತ್ತೆ ಪದರಗಟ್ಟುವುದಿಲ್ಲ. ಹೀಗಿರುವಲ್ಲಿ ಒಬ್ಬನದನ್ನು ವ್ಯಾಪಾರವೆಂದೂ ಇನ್ನೊಬ್ಬನದನ್ನು ವಿದ್ಯೆಯೆಂದೂ ಕರೆಯುವುದಕ್ಕೆ ಆಧಾರವೇನು? ಮತ್ತು ಆ ವಿದ್ಯೆಯನ್ನು ಇನ್ನೂ ಕಲಿಯದ, ಕಲಿಯಬೇಕೆಂದು ಬಂದಿರುವ ಎಳೆಯರ ಕೈಗೆ ಗುದ್ದಲಿಯನ್ನು ಕೊಡುವುದು ಎಷ್ಟರಮಟ್ಟಿಗೆ ಧರ್ಮ? ಈ ಎರಡು ಪ್ರಶ್ನೆಗಳೇ ಇಲ್ಲಿಯ ವಿಚಾರ.

ವಿಶ್ವವಿದ್ಯಾನಿಲಯಗಳಲ್ಲಿ ಪ್ರಾಚೀನ ಇತಿಹಾಸವನ್ನೂ ಪ್ರಾಕ್ತನಶಾಸ್ತ್ರವನ್ನೂ ಓದತಕ್ಕ ವಿದ್ಯಾರ್ಥಿಗಳನ್ನು ಉತ್ಖನನದ ಸ್ಥಳಕ್ಕೆ ಕರೆದೊಯ್ದು, ಕೆಲವು ವಾರಗಳ ಕಾಲ ಅಲ್ಲಿಯೇ ಬಿಡಾರ ಹೂಡಿಸಿ, ಕೈಯಾರೆ ಕೆಲಸ ಮಾಡಿಸಿ ಕಲಿಸುವ ಪದ್ಧತಿಯು ಇಂದು ಲೋಕದ ಎಲ್ಲೆಡೆಯೂ ಇದೆ. ಇದರ ಪಕ್ಷದಲ್ಲಿ ಹೇಳತಕ್ಕ ಮಾತು ಸುಲಭವಾದುದು. ನೀರಿಗಿಳಿಯದವನಿಗೆ ಈಜು ಬಾರದು. ಎರಡು ಮಣ್ಣಿನ ಪದರಗಳ ನಡುವಣ ಭೇದವನ್ನು ಪುಸ್ತಕದಲ್ಲಿ ಎಷ್ಟು ಸಲ ಓದಿದರೂ ಅದು ಕಣ್ಣಿಗೆ ಹತ್ತುವುದಿಲ್ಲ. ಕರಣೆಯ ತುದಿ ಗಟ್ಟಿ ನೆಲದಿಂದ ಸಡಿಲ ನೆಲಕ್ಕೆ ಜಾರಿದಾಗ ಬೆರಳಿಗೆ ತಿಳಿಯುವ ಸೂಕ್ಷ್ಮವನ್ನು ಯಾವ ಉಪನ್ಯಾಸವೂ ತಿಳಿಸಲಾರದು. ಒಮ್ಮೆ ಒದ್ದೆಯಾಗಿದ್ದಾಗ ಕಪ್ಪಾಗಿ ಕಂಡ ಗೆರೆಯು ಒಣಗಿದಾಗ ಮಾಯವಾಗುತ್ತದೆಂಬುದನ್ನು ಬಿಸಿಲಿನಲ್ಲಿ ಕುಳಿತವನೇ ಬಲ್ಲನು. ಆದುದರಿಂದ ಅಗೆಯದೆ ಅಗೆಯುವುದನ್ನು ಕಲಿಯಬೇಕೆಂಬುದು ಆಗದ ಮಾತು.

ಆದರೆ ಈ ವಾದವು ಎಲ್ಲ ಕೈಕಸಬುಗಳಿಗೂ ಹೊಂದತಕ್ಕ ವಾದ. ಈ ಒಂದು ಕಸಬಿನಲ್ಲಿ ಬೇರೆಲ್ಲಿಯೂ ಇಲ್ಲದ ಒಂದು ತೊಡಕಿದೆ. ಬಡಗಿಯ ಮಗನು ಮೊದಲು ಚೂರುಪಾರು ಮರದ ಮೇಲೆ ಉಳಿ ಆಡಿಸುತ್ತಾನೆ. ಕೆಟ್ಟರೆ ಒಲೆಗೆ ಸೌದೆಯಾಯಿತು. ಸಂಗೀತ ಕಲಿಯುವವಳ ಅಪಸ್ವರವು ಗಾಳಿಯಲ್ಲಿ ಕರಗಿಹೋಗುತ್ತದೆ. ರಾಗಕ್ಕೆ ಏನೂ ಊನವಿಲ್ಲ. ವೇದವನ್ನು ಹೇಳಿಕೊಳ್ಳುವ ವಟು ತಪ್ಪಿದರೆ ಗುರು ತಿದ್ದುತ್ತಾನೆ. ಮಂತ್ರವು ಇದ್ದಂತೆಯೇ ಇರುತ್ತದೆ. ವೈದ್ಯವಿದ್ಯಾರ್ಥಿಯು ಸಹ ಮೊದಲು ಶವದ ಮೇಲೆ ಕೈ ಪಳಗಿಸಿಕೊಂಡು ಅನಂತರ ಜೀವಂತ ದೇಹವನ್ನು ಮುಟ್ಟುತ್ತಾನೆ. ನೆಲದಲ್ಲಿ ಹುದುಗಿರುವ ಪ್ರಾಚೀನ ವಸತಿಯೊಂದಕ್ಕೆ ಮಾತ್ರ ಚೂರುಪಾರೆಂಬುದಿಲ್ಲ, ಎರಡನೆಯ ಪ್ರತಿಯೆಂಬುದಿಲ್ಲ. ಅದರ ಒಂದೊಂದು ಅಂಗುಲವೂ ಒಂದೇ ಒಂದು ಸಲ ಅಗೆಯಲ್ಪಡತಕ್ಕದ್ದು. ಕಲಿಯುವವನ ತಪ್ಪು ಅಲ್ಲಿ ಶಾಶ್ವತವಾಗಿ ಉಳಿಯುತ್ತದೆ.

ಇದನ್ನು ಮನಗಾಣಿಸುವುದಕ್ಕೆ ಮೂಡಬಿದಿರೆಯಲ್ಲಿಯೇ ಒಂದು ನಿದರ್ಶನವಿದೆ. ಧವಲಾ, ಜಯಧವಲಾ, ಮಹಾಧವಲಾ ಎಂದು ಪ್ರಸಿದ್ಧವಾದ ಜೈನ ಸಿದ್ಧಾಂತಗ್ರಂಥಗಳ ತಾಳೆಯೋಲೆಗಳು ಅಲ್ಲಿಯ ಬಸದಿಯಲ್ಲಿ ಶತಮಾನಗಳ ಕಾಲ ಕಾಪಾಡಲ್ಪಟ್ಟುವು. ಭಕ್ತರು ದೂರದಿಂದ ಬಂದು ದರ್ಶನಮಾಡಿ ಹೋಗುತ್ತಿದ್ದರಲ್ಲದೆ ಅವುಗಳನ್ನು ಬಿಚ್ಚಿ ಓದುವ ಅವಕಾಶವು ಸುಲಭವಾಗಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅವುಗಳ ಪ್ರತಿಮಾಡುವ ಕೆಲಸವು ಮೊದಲಾಗಿ, ೧೯೩೯ರಲ್ಲಿ ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಧವಲಾ ಟೀಕೆಯೊಡನೆ ಷಟ್ಖಂಡಾಗಮದ ಮೊದಲ ಸಂಪುಟವು ಅಚ್ಚಾಯಿತು. ಓಲೆಯನ್ನು ಕಾಯುವುದು ಹೆಚ್ಚೋ, ಓದುವುದು ಹೆಚ್ಚೋ ಎಂಬ ಜಿಜ್ಞಾಸೆಯು ಅಲ್ಲಿಯೂ ಇತ್ತು. ಆದರೆ ಅಲ್ಲಿ ಓದಿದ ಓಲೆ ಓದಿದ ಮೇಲೂ ಓಲೆಯಾಗಿಯೇ ಉಳಿಯಿತು. ಲಿಪಿಕಾರನು ಒಂದಕ್ಷರ ತಪ್ಪಿದ್ದರೆ ಇನ್ನೊಬ್ಬನು ಮೂಲವನ್ನು ನೋಡಿ ತಿದ್ದಬಹುದಾಗಿತ್ತು. ಒಂದೊಂದು ಗರಿಯನ್ನು ಓದಿ ಮುಗಿಸುತ್ತಲೇ ಅದು ಬೂದಿಯಾಗಿ ಹೋಗುತ್ತಿದ್ದಿತೆಂದು ಎಣಿಸಿಕೊಳ್ಳೋಣ. ಆಗ ಆ ಗ್ರಂಥವನ್ನು ಯಾರ ಕೈಗೆ ಕೊಡಬಹುದಾಗಿತ್ತು? ಅಕ್ಷರ ಕೂಡಿಸಿ ಓದುವ ಬಾಲಕನ ಕೈಗೆ ಕೊಡಬಹುದಾಗಿತ್ತೇ? ಭೂಮಿಯಲ್ಲಿರುವ ಗ್ರಂಥವು ಇಂತಹುದು. ಓದುವುದೂ ಅಳಿಸುವುದೂ ಅಲ್ಲಿ ಒಂದೇ ಕ್ರಿಯೆ.

ಈ ಓದಿನ ಬಗೆಯನ್ನು ಸ್ವಲ್ಪ ವಿವರಿಸುವುದು ಅವಶ್ಯ. ಜನರು ಒಂದೆಡೆ ಬಹುಕಾಲ ವಾಸಮಾಡಿದರೆ ನೆಲದ ಮೇಲೆ ನೆಲ ಏರುತ್ತದೆ. ಮಣ್ಣಿನ ಗೋಡೆ ಕುಸಿಯುತ್ತದೆ, ಅದನ್ನು ತಟ್ಟಿ ಸಮಮಾಡಿ ಹೊಸ ಗೋಡೆ ಎಬ್ಬಿಸುತ್ತಾರೆ. ಒಲೆಯ ಬೂದಿ, ಒಡೆದ ಮಡಕೆ, ತಿಂದೊಗೆದ ಎಲುಬು ಅಂಗಳದಲ್ಲಿ ಸೇರಿಕೊಳ್ಳುತ್ತವೆ. ಕೆಳಗಿನ ಪದರವು ಹಳೆಯದು, ಮೇಲಿನದು ಹೊಸದು. ಇದು ಮೊದಲ ಪಾಠ. ಆದರೆ ಮೇಲಿನ ಕಾಲದವನೊಬ್ಬನು ಕಣಜಕ್ಕಾಗಿಯೋ ಸಮಾಧಿಗಾಗಿಯೋ ಗುಂಡಿ ತೋಡಿದ್ದರೆ ಅವನ ವಸ್ತುವು ಹಳೆಯ ಪದರದ ಮಟ್ಟಕ್ಕೆ ಇಳಿದಿರುತ್ತದೆ. ಇಲಿಯ ಬಿಲವೂ ಮರದ ಬೇರೂ ಇದೇ ಕೆಲಸವನ್ನು ಮಾಡುತ್ತವೆ. ಆ ಗುಂಡಿಯ ಅಂಚು ಮಣ್ಣಿನ ಬಣ್ಣದಲ್ಲಿ ಒಂದು ನವಿರಾದ ಗೆರೆಯಾಗಿ ಮಾತ್ರ ಕಾಣುತ್ತದೆ. ಅವಸರದ ಗುದ್ದಲಿಯ ಒಂದು ಪೆಟ್ಟಿಗೆ ಆ ಗೆರೆ ಹೋಯಿತೆಂದರೆ, ಆಮೇಲೆ ಸಿಕ್ಕ ನಾಣ್ಯವು ಎಷ್ಟೇ ಸುಂದರವಾಗಿರಲಿ, ಅದು ಯಾವ ಕಾಲದ ನೆಲದಲ್ಲಿತ್ತೆಂದು ಹೇಳತಕ್ಕ ಸಾಕ್ಷಿ ಇಲ್ಲವಾಯಿತು. ಪ್ರಾಕ್ತನಶಾಸ್ತ್ರದ ಧನವು ವಸ್ತುವಿನಲ್ಲಿಲ್ಲ, ವಸ್ತುವು ಇದ್ದ ನೆಲೆಯಲ್ಲಿದೆ. ಇದನ್ನು ಅರಿಯದವನು ಎಷ್ಟು ಓದಿದ್ದರೂ ನಿಧಿಶೋಧಕನೇ ಸರಿ.

ಕರ್ನಾಟಕದಲ್ಲಿ ಈ ಅರಿವು ಕ್ರಮವಾಗಿ ಬೆಳೆದು ಬಂದಿದೆ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಸುರಪುರ ಸಂಸ್ಥಾನದಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರನು ಭೀಮಾತೀರದ ಜೇವರ್ಗಿಯ ಸುತ್ತಣ ಕಲ್ಲುಗೋರಿಗಳನ್ನು ಅಗೆಸಿದಾಗ, ದೊರೆತ ವಸ್ತುಗಳ ಪಟ್ಟಿಯಿಂದಲೇ ತೃಪ್ತನಾಗದೆ, ಗೋರಿಯನ್ನು ಮೇಲಿನಿಂದ ಕೆಳಕ್ಕೆ ಸೀಳಿದಂತೆ ಪದರಗಳನ್ನು ತೋರಿಸುವ ಚಿತ್ರಗಳನ್ನು ಬರೆದಿಟ್ಟನು. ಆ ಕಾಲದಲ್ಲಿ ಅಂತಹ ಎಚ್ಚರವು ಅಪರೂಪವಾಗಿತ್ತು. ಇಪ್ಪತ್ತನೆಯ ಶತಮಾನದಲ್ಲಿ ಮೈಸೂರಿನ ಪ್ರಾಕ್ತನ ಇಲಾಖೆಯ ಮುಖ್ಯಸ್ಥರೂ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರೂ ಆಗಿದ್ದ ಡಾ. ಎಂ. ಎಚ್. ಕೃಷ್ಣರು ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿಯೂ ಅಶೋಕನ ಶಾಸನವಿರುವ ಬ್ರಹ್ಮಗಿರಿಯಲ್ಲಿಯೂ ಉತ್ಖನನ ನಡೆಸಿದರು. ಪಾಠಪೀಠವೂ ಅಗೆತದ ನೆಲವೂ ಒಬ್ಬರಲ್ಲಿಯೇ ಕೂಡಿದ್ದುದು ಈ ನಾಡಿನ ಭಾಗ್ಯವಾಗಿತ್ತು.

ಅನಂತರ ೧೯೪೪ರಲ್ಲಿ ಭಾರತದ ಪ್ರಾಕ್ತನ ಇಲಾಖೆಯ ಮಹಾನಿರ್ದೇಶಕನಾಗಿ ಬಂದ ಮಾರ್ಟಿಮರ್ ವೀಲರನು, ಬಂದ ವರ್ಷವೇ ತಕ್ಷಶಿಲೆಯಲ್ಲಿ ಒಂದು ಶಿಕ್ಷಣಶಿಬಿರವನ್ನು ತೆರೆದು ದೇಶದ ನಾನಾ ಕಡೆಗಳ ತರುಣರಿಗೆ ಅಗೆಯುವುದನ್ನೂ ಅಳೆಯುವುದನ್ನೂ ಬರೆದಿಡುವುದನ್ನೂ ಕಲಿಸಿದನು. ೧೯೪೭ರಲ್ಲಿ ಅದೇ ಕ್ರಮವು ಬ್ರಹ್ಮಗಿರಿಗೂ ಚಂದ್ರವಳ್ಳಿಗೂ ಬಂದಿತು. ನೆಲವನ್ನು ಚೌಕಗಳಾಗಿ ವಿಂಗಡಿಸಿ, ಎರಡು ಚೌಕಗಳ ನಡುವೆ ಅಗೆಯದ ಮಣ್ಣಿನ ಗೋಡೆಯೊಂದನ್ನು ಬಿಟ್ಟು, ಆ ಗೋಡೆಯ ಮೈಮೇಲೆ ಕಾಣುವ ಪದರಗಳಿಗೆ ಅಂಕೆ ಹಾಕಿ, ಪ್ರತಿಯೊಂದು ವಸ್ತುವನ್ನೂ ಅದರ ಪದರದ ಅಂಕೆಯೊಡನೆ ದಾಖಲೆ ಮಾಡುವುದು ಈ ಕ್ರಮದ ಸಾರ. ತಕ್ಷಶಿಲೆಯಲ್ಲಿ ವಿದ್ಯಾರ್ಥಿಯಾಗಿದ್ದ ಬಿ. ಕೆ. ಥಾಪರ್ ಹತ್ತು ವರ್ಷಗಳ ಮೇಲೆ, ೧೯೫೪ರಲ್ಲಿ, ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ತಾವೇ ಉತ್ಖನನವನ್ನು ನಡೆಸಿದರು. ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ ವಿದ್ಯೆ ಸಂದುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಡ. ಶಿಬಿರವೇ ಇಲ್ಲದಿದ್ದರೆ ಆ ಕೈ ಎಲ್ಲಿಂದ ಬರಬೇಕಾಗಿತ್ತು?

ಆದರೆ ಬ್ರಹ್ಮಗಿರಿಯಿಂದ ಕಲಿಯತಕ್ಕ ಪಾಠವು ಇಷ್ಟಕ್ಕೆ ಮುಗಿಯಲಿಲ್ಲ. ಅಲ್ಲಿಯ ಕಲ್ಲುಕೊಡಲಿಯ ಜನರ ಕಾಲವನ್ನು ವೀಲರನು ಕ್ರಿಸ್ತಪೂರ್ವ ಮೊದಲನೆಯ ಸಹಸ್ರಮಾನದ ಒಳಗೆ ಇರಿಸಿದನು. ಬೃಹತ್‌ಶಿಲೆಯ ಗೋರಿಗಳನ್ನು ಕಟ್ಟಿದ ಜನರನ್ನು ಕ್ರಿ. ಪೂ. ೨೦೦ರ ಸುಮಾರಿಗೆ ಬಂದವರೆಂದು ಎಣಿಸಿದನು. ಇಂಗಾಲದ ಪರೀಕ್ಷೆಯಿಂದ ಕಾಲವನ್ನು ಅಳೆಯುವ ವಿಧಾನವು ೧೯೪೯ರಲ್ಲಿ ಬಳಕೆಗೆ ಬಂದ ಮೇಲೆ ಈ ಲೆಕ್ಕಗಳು ನಿಲ್ಲಲಿಲ್ಲ. ತುಂಗಭದ್ರಾತೀರದ ಹಳ್ಳೂರಿನಲ್ಲಿ ೧೯೬೫ರಲ್ಲಿ ಎಂ. ಎಸ್. ನಾಗರಾಜರಾಯರು ಅಗೆಸಿದ ಪದರಗಳು ಕಬ್ಬಿಣದ ಬಳಕೆಯನ್ನು ಕ್ರಿ. ಪೂ. ೧೦೦೦ದಷ್ಟು ಹಿಂದಕ್ಕೆ ಒಯ್ದುವು. ದಕ್ಷಿಣದ ಕಲ್ಲುಕೊಡಲಿಯ ಸಂಸ್ಕೃತಿಯು ಕ್ರಿಸ್ತಪೂರ್ವ ಮೂರನೆಯ ಸಹಸ್ರಮಾನಕ್ಕೆ ಸರಿಯಿತು. ಇಷ್ಟು ದೊಡ್ಡ ಗುರುವೇ ತಪ್ಪಿದನೆಂದು ಹೇಳಿ ನಗುವುದು ಸಲ್ಲದು. ಅವನ ತಪ್ಪನ್ನು ತಿದ್ದುವುದು ಸಾಧ್ಯವಾದುದೇಕೆ ಎಂಬುದನ್ನು ಯೋಚಿಸಬೇಕು. ಅವನು ಪದರಗಳ ಕ್ರಮವನ್ನು ಗೆರೆಗೆರೆಯಾಗಿ ಬರೆದು ಒಡನೆಯೇ ಪ್ರಕಟಿಸಿದ್ದನು. ಅವನ ನಿರ್ಣಯವನ್ನು ಒಪ್ಪದವರಿಗೂ ಅವನ ಸಾಕ್ಷ್ಯವು ದೊರೆಯುತ್ತಿತ್ತು. ನಿರ್ಣಯವು ಕೆಟ್ಟರೂ ಸಾಕ್ಷ್ಯವು ಕೆಡಲಿಲ್ಲ. ಅಗೆಯುವವನ ಪ್ರಾಮಾಣಿಕತೆಯೆಂದರೆ ಇದೇ: ಸರಿಯಾಗಿರುತ್ತೇನೆಂಬ ಭರವಸೆಯಲ್ಲ, ತಪ್ಪಾದರೆ ಇನ್ನೊಬ್ಬನು ತಿದ್ದುವುದಕ್ಕೆ ಎಡೆಯಿಟ್ಟಿರುತ್ತೇನೆಂಬ ಕಟ್ಟುಪಾಡು.

ಇನ್ನೊಂದು ಉದಾಹರಣೆ ಇದಕ್ಕಿಂತಲೂ ಮನಸ್ಸಿಗೆ ನಾಟತಕ್ಕದ್ದು. ಬಳ್ಳಾರಿಯ ಸಂಗನಕಲ್ಲಿನಲ್ಲಿ ೧೯೪೦ರ ದಶಕದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಸಂಶೋಧನ ವಿದ್ಯಾರ್ಥಿ ಬಿ. ಸುಬ್ಬರಾಯರು ಅಗೆಸಿದರು, ಆ ಜಿಲ್ಲೆಯ ಶಿಲಾಯುಗದ ಸಂಸ್ಕೃತಿಗಳನ್ನು ಕುರಿತ ಅವರ ಪ್ರಬಂಧವು ೧೯೪೮ರಲ್ಲಿ ಹೊರಬಂದಿತು. ಅದು ವಿದ್ಯಾರ್ಥಿಯ ಕೆಲಸವಾದರೂ ಮುಂದಿನವರೆಲ್ಲರಿಗೂ ಅಡಿಗಲ್ಲಾಯಿತು. ಅರ್ಧ ಶತಮಾನ ಕಳೆದ ಮೇಲೆ ಕರ್ನಾಟಕ ವಿಶ್ವವಿದ್ಯಾನಿಲಯದ ರವಿ ಕೋರಿಶೆಟ್ಟರರೂ ವಿದೇಶದ ಸಂಶೋಧಕರೂ ಕೂಡಿ ಅದೇ ನೆಲಕ್ಕೆ ಮರಳಿದರು. ಈ ಸಲ ಅವರು ಅಗೆದ ಮಣ್ಣನ್ನು ಎಸೆಯಲಿಲ್ಲ. ಅದನ್ನು ನೀರಿನಲ್ಲಿ ಕದಡಿದರು. ಸುಟ್ಟು ಕರಿಯಾದ ಕಾಳುಗಳು ಹಗುರವಾದುದರಿಂದ ತೇಲಿ ಮೇಲೆ ಬರುತ್ತವೆ. ಅವನ್ನು ನವಿರಾದ ಬಟ್ಟೆಯಲ್ಲಿ ಸೋಸಿ ಒಣಗಿಸಿ ಪರೀಕ್ಷಿಸಿದಾಗ ಹುರುಳಿ, ಹೆಸರು, ಕೊರಲೆ ಮೊದಲಾದ ಧಾನ್ಯಗಳು ಗೊತ್ತಾದುವು. ನಾಲ್ಕು ಸಾವಿರ ವರ್ಷಗಳ ಹಿಂದೆ ಆ ಬೆಟ್ಟದ ಬುಡದಲ್ಲಿ ಬೇಯುತ್ತಿದ್ದ ಅಡುಗೆ ಹೀಗೆ ತಿಳಿದುಬಂದಿತು. ಹಿಂದಣ ಉತ್ಖನನಗಳಲ್ಲೆಲ್ಲ ಇದೇ ಕಾಳುಗಳು ಬುಟ್ಟಿ ಬುಟ್ಟಿಯಾಗಿ ಮಣ್ಣಿನ ರಾಶಿಗೆ ಹೋಗಿದ್ದುವು. ಆಗಿನವರು ಅಜಾಗರೂಕರಾಗಿದ್ದರೆಂದಲ್ಲ, ಮಣ್ಣಿನಲ್ಲಿ ಅದೂ ಓದತಕ್ಕ ಅಕ್ಷರವೆಂದು ಆಗ ತಿಳಿದಿರಲಿಲ್ಲ. ಇಂದಿನವರ ಬುಟ್ಟಿಯಲ್ಲಿ ನಾಳೆಯವರು ಓದಬಹುದಾದ ಯಾವ ಅಕ್ಷರವು ಹೊರಟುಹೋಗುತ್ತಿದೆಯೋ ಯಾರು ಬಲ್ಲರು? ಆದುದರಿಂದ ಯಾವ ನೆಲೆಯನ್ನೂ ಪೂರ್ತಿಯಾಗಿ ಅಗೆದು ಮುಗಿಸಕೂಡದೆಂಬುದು ಈ ವಿದ್ಯೆಯ ಸದಾಚಾರಗಳಲ್ಲಿ ಮುಖ್ಯವಾದುದು. ಬಿಟ್ಟ ಭಾಗವು ಸೋಮಾರಿತನದ ಗುರುತಲ್ಲ. ಅದು ಇನ್ನೂ ಹುಟ್ಟದವರ ಪಾಲು.

ಇಷ್ಟನ್ನು ಕೇಳಿದ ವಾಚಕರು, ಹಾಗಾದರೆ ಅಗೆಯುವುದನ್ನೇ ಬಿಟ್ಟುಬಿಡಬಾರದೇಕೆ ಎಂದು ಕೇಳಬಹುದು. ಈ ಆಕ್ಷೇಪವು ಹಗುರವಾದುದಲ್ಲ. ತುಳುನಾಡಿನ ಸಂಪ್ರದಾಯದಲ್ಲಿ ನಾಗಬನದ ಒಂದು ಕೊಂಬೆಯನ್ನು ಕಡಿಯುವುದಕ್ಕೂ ಜನರು ಅಂಜುತ್ತಾರೆ. ಸತ್ತವರನ್ನು ಮನೆಯ ನೆನಪಿನಿಂದ ದೂಡದೆ ವರ್ಷಕ್ಕೊಮ್ಮೆ ಎಲೆ ಹಾಕಿ ಬಡಿಸುತ್ತಾರೆ. ಇಂತಹ ನೆಲದಲ್ಲಿ ಯಾರದೋ ಹಿರಿಯರ ಗೋರಿಯನ್ನು ಅಳತೆಪಟ್ಟಿ ಹಿಡಿದು ಬಿಚ್ಚುವುದು ಕೆಲವರಿಗಾದರೂ ನೋವಿನ ವಿಷಯ. ಆ ನೋವನ್ನು ಮೌಢ್ಯವೆಂದು ತಳ್ಳಿಹಾಕುವ ವಿದ್ಯಾರ್ಥಿಯು ಇನ್ನೂ ವಿದ್ಯೆಯ ಹೊಸ್ತಿಲನ್ನು ದಾಟಿಲ್ಲವೆಂದೇ ಹೇಳಬೇಕು. ಕನ್ನಡನಾಡಿನ ಅನೇಕ ಕಡೆಗಳಲ್ಲಿ ಕಲ್ಲುಗೋರಿಗಳು ಇಂದಿನವರೆಗೆ ಉಳಿದಿದ್ದರೆ, ಅವು ಪಾಂಡವರವೆಂದೋ ಮೋರಿಯರವೆಂದೋ ನಂಬಿ ಹಳ್ಳಿಗರು ಮುಟ್ಟದೆ ಬಿಟ್ಟುದೇ ಕಾರಣ. ಇಲಾಖೆಗಳೂ ಕಾಯಿದೆಗಳೂ ಹುಟ್ಟುವುದಕ್ಕೆ ಮುಂಚೆ ಅವುಗಳಿಗೆ ಕಾವಲಾಗಿದ್ದುದು ಆ ನಂಬಿಕೆಯೊಂದೇ.

ಆದರೆ ಅಂಜಿಕೆಯ ಕಾವಲು ಆಸೆಯ ಮುಂದೆ ನಿಲ್ಲಲಾರದು. ಮೂಡಬಿದಿರೆಯಿಂದ ಶಿರ್ತಾಡಿಯ ಕಡೆಗೆ ಹೋಗುವ ದಾರಿಯ ಮೂಡುಕೊಣಾಜೆಯಲ್ಲಿ ಇದನ್ನು ಕಣ್ಣಾರೆ ಕಾಣಬಹುದು. ಅಲ್ಲಿ ಕಲ್ಲುಗುಡ್ಡದ ಇಳಿಜಾರಿನಲ್ಲಿ ಬೃಹತ್‌ಶಿಲಾಯುಗದ ಒಂಬತ್ತು ಕಲ್ಮನೆಗಳಿರುವುದನ್ನು ವಿದ್ವಾಂಸರಾದ ಪುಂಡಿಕಾಯಿ ಗಣಪಯ್ಯ ಭಟ್ಟರು ೧೯೮೦ರ ದಶಕದಲ್ಲಿ ಲೋಕಕ್ಕೆ ತಿಳಿಸಿದರು. ಅವುಗಳಲ್ಲಿ ಎರಡು ಮಾತ್ರ ಕೆಡದೆ ಉಳಿದಿವೆ, ಉಳಿದವು ಹಾಳಾಗಿವೆ. ಶಿರ್ವದ ಮೂಲ್ಕಿ ಸುಂದರರಾಮ ಶೆಟ್ಟಿ ಕಾಲೇಜಿನಲ್ಲಿ ಪ್ರಾಚೀನ ಇತಿಹಾಸವನ್ನೂ ಪ್ರಾಕ್ತನಶಾಸ್ತ್ರವನ್ನೂ ಬೋಧಿಸುತ್ತಿದ್ದ ಟಿ. ಮುರುಗೇಶಿಯವರು ಆ ನೆಲೆಯನ್ನು ಅನ್ವೇಷಿಸಿ, ಅಲ್ಲಿ ದೊರೆತ ಸುಟ್ಟಮಣ್ಣಿನ ಬೊಂಬೆಗಳನ್ನೂ ಎಲುಬು ಕಬ್ಬಿಣಗಳ ತುಂಡುಗಳನ್ನೂ ೨೦೨೩ರಲ್ಲಿ ಪ್ರಕಟಪಡಿಸಿದರು. ಗೂಳಿಗಳು, ನವಿಲುಗಳು, ಕುದುರೆ, ಮಾತೃದೇವತೆ. ಹೀಗೆ ಆ ಬೊಂಬೆಗಳ ಸಾಲು. ಕ್ರಿ. ಪೂ. ೮೦೦ರಿಂದ ೭೦೦ರ ನಡುವಿನವೆಂದು ಅವರು ಊಹಿಸಿದರು. ಕರಾವಳಿಯ ಚರಿತ್ರೆಯೆಂದರೆ ಆಳುಪರಿಂದ ಈಚೆಗೆ ಎಂದು ತಿಳಿದಿದ್ದ ಗೃಹಸ್ಥನಿಗೆ, ತನ್ನ ಮನೆಯಿಂದ ಕೆಲವು ಹರದಾರಿಯಲ್ಲಿ ಅದಕ್ಕಿಂತ ಸಾವಿರ ವರ್ಷ ಹಿಂದೆ ಯಾರೋ ತಮ್ಮ ಸತ್ತವರ ಜತೆಯಲ್ಲಿ ಒಂದು ಮಣ್ಣಿನ ನವಿಲನ್ನು ಇಟ್ಟಿದ್ದರೆಂದು ತಿಳಿಯುವುದು ಸಾಮಾನ್ಯ ಸಂಗತಿಯಲ್ಲ.

ಈ ಒಂದು ಸಂಗತಿಯಿಂದ ಎರಡು ತತ್ತ್ವಗಳು ಹೊರಡುತ್ತವೆ. ಅಗೆಯದೆ ಬಿಟ್ಟರೆ ನೆಲವು ಹಾಗೆಯೇ ಉಳಿಯುತ್ತದೆಂಬುದು ಭ್ರಮೆ. ನಿಧಿಯಾಸೆಯವನ ಹಾರೆ, ಕೋರೆಯ ಯಂತ್ರ, ರಸ್ತೆಯ ಗುತ್ತಿಗೆ, ಹೊಸ ತೋಟದ ಸಮತಟ್ಟು ಇವು ಯಾರ ಅಪ್ಪಣೆಗೂ ಕಾಯುವುದಿಲ್ಲ. ಆದುದರಿಂದ ಇಲ್ಲಿರುವ ಆಯ್ಕೆಯು ಅಗೆತಕ್ಕೂ ಶಾಂತಿಗೂ ನಡುವಣದಲ್ಲ, ಬಲ್ಲವರ ಕೈಗೂ ಅರಿಯದವರ ಕೈಗೂ ನಡುವಣದು. ಬಲ್ಲವರ ಸಂಖ್ಯೆ ಹೆಚ್ಚಬೇಕಾದರೆ ಕಲಿಯುವವರಿರಬೇಕು. ಇದು ಒಂದು. ಎರಡನೆಯದು, ಆ ಬಲ್ಲವರು ರಾಜಧಾನಿಯಲ್ಲಿದ್ದರೆ ಸಾಲದು. ಗುಡ್ಡದ ಮೇಲೆ ಯಂತ್ರ ಏರಿದ ದಿನ ನೋಡಿ ಕೂಗತಕ್ಕವನು ಆ ಊರಿನವನೇ ಆಗಿರಬೇಕು. ವಾಮದಪದವಿನಂತಹ ಊರಿನಿಂದ ಕಾಲೇಜಿಗೆ ಹೋಗುವ ಹುಡುಗನೋ ಹುಡುಗಿಯೋ ಒಂದು ತಿಂಗಳು ಶಿಬಿರದಲ್ಲಿದ್ದು ಕೆಂಪು ಕಪ್ಪು ಬಣ್ಣದ ಹಳೆಯ ಮಡಕೆಯ ಚೂರನ್ನು ಗುರುತಿಸಲು ಕಲಿತು ಬಂದರೆ, ಮುಂದೆ ಅವರು ಯಾವ ಉದ್ಯೋಗವನ್ನೇ ಮಾಡಲಿ, ಆ ಸೀಮೆಗೆ ಒಬ್ಬ ಕಾವಲುಗಾರನು ದೊರೆತಂತಾಯಿತು. ಶಿಬಿರದಲ್ಲಿ ಕಲಿತವರೆಲ್ಲರೂ ಪ್ರಾಕ್ತನಶೋಧಕರಾಗಬೇಕಾಗಿಲ್ಲ. ಹಾಗೆ ಆಗುವವರು ಎಲ್ಲಿಯೂ ಕೆಲವರೇ. ಉಳಿದವರಿಂದ ಆಗುವ ಪ್ರಯೋಜನವೂ ಕಡಿಮೆಯದಲ್ಲ.

ಹೀಗೆ ಎರಡು ಕಡೆಯ ವಾದಗಳನ್ನೂ ತೂಗಿದ ಮೇಲೆ ಉಳಿಯುವ ಪ್ರಶ್ನೆಯು ಅಧಿಕಾರದ್ದು. ಇಲ್ಲಿ ಅಧಿಕಾರವೆಂದರೆ ಸರಕಾರದ ಅನುಮತಿ ಪತ್ರವಲ್ಲ. ಅದೂ ಬೇಕು, ೧೯೫೮ರ ಕಾಯಿದೆಯ ಪ್ರಕಾರ ಸಂರಕ್ಷಿತ ನೆಲೆಯಲ್ಲಿ ಲೈಸನ್ಸು ಇಲ್ಲದೆ ಅಗೆಯಕೂಡದು, ಮತ್ತು ೧೮೭೮ರಷ್ಟು ಹಿಂದೆಯೇ ಹತ್ತು ರೂಪಾಯಿಗೆ ಮೀರಿದ ಬೆಲೆಯ ನಿಧಿ ಸಿಕ್ಕಿದರೆ ಕಲೆಕ್ಟರಿಗೆ ತಿಳಿಸಬೇಕೆಂದು ವಿಧಿಸಲಾಗಿತ್ತು. ಆದರೆ ಶಾಸ್ತ್ರಗಳಲ್ಲಿ ಅಧಿಕಾರವೆಂಬ ಮಾತಿಗೆ ಹಳೆಯ ಅರ್ಥವೊಂದಿದೆ. ಒಂದು ವಿದ್ಯೆಗೆ ಬರುವವನಲ್ಲಿ ಮೊದಲೇ ಇರಬೇಕಾದ ಯೋಗ್ಯತೆಯೇ ಅಧಿಕಾರ. ಬ್ರಹ್ಮಜಿಜ್ಞಾಸೆಗೆ ತೊಡಗುವವನಿಗೆ ಶಮ ದಮಾದಿಗಳಿರಬೇಕೆಂದು ಹಿರಿಯರು ವಿಧಿಸಿದರಲ್ಲವೇ? ಅಗೆಯುವ ವಿದ್ಯೆಗೂ ಅಂತಹ ಶಮ ದಮಗಳಿವೆ, ಮತ್ತು ಅವು ಗುದ್ದಲಿಯನ್ನು ಹಿಡಿಯುವುದಕ್ಕೆ ಮೊದಲೇ ಕಲಿಯಬಹುದಾದವು. ಇಲ್ಲಿಯೇ ಮೇಲೆ ಹೇಳಿದ ತೊಡಕಿಗೆ ಪರಿಹಾರವಿದೆ.

ಒಳ್ಳೆಯ ಶಿಬಿರದಲ್ಲಿ ವಿದ್ಯಾರ್ಥಿಯು ಮೊದಲು ನಡೆಯುವುದನ್ನು ಕಲಿಯುತ್ತಾನೆ. ಗದ್ದೆಯ ಅಂಚಿನಲ್ಲಿ, ಗುಡ್ಡದ ಇಳಿಜಾರಿನಲ್ಲಿ, ಹೊಸದಾಗಿ ಕಡಿದ ರಸ್ತೆಯ ಬದಿಯಲ್ಲಿ ಕಣ್ಣು ನೆಲದ ಮೇಲಿಟ್ಟು ನಡೆದು, ಕಂಡುದನ್ನು ನಕ್ಷೆಯಲ್ಲಿ ಗುರುತುಮಾಡುವುದು. ಇದರಿಂದ ನೆಲಕ್ಕೆ ಒಂದು ಗೀರೂ ಬೀಳುವುದಿಲ್ಲ. ತುಳುನಾಡಿನ ಊರೂರನ್ನು ಸುತ್ತಿ ದೇವಾಲಯ, ಮೂರ್ತಿ, ಶಾಸನಗಳನ್ನು ಪರಿಶೀಲಿಸಿದ ಡಾ. ಪಾದೂರು ಗುರುರಾಜ ಭಟ್ಟರು ೧೯೭೫ರಲ್ಲಿ ಪ್ರಕಟಿಸಿದ ಬೃಹದ್‌ಗ್ರಂಥವು ಬಹುಮಟ್ಟಿಗೆ ಇಂತಹ ತಿರುಗಾಟದ ಫಲವೇ. ಎರಡನೆಯದಾಗಿ ವಿದ್ಯಾರ್ಥಿಯು ಇತರರು ಅಗೆದ ಮಣ್ಣನ್ನು ಜರಡಿ ಹಿಡಿಯುತ್ತಾನೆ, ಮಡಕೆಯ ಚೂರುಗಳನ್ನು ತೊಳೆದು ಒಣಗಿಸಿ ಅಂಕೆ ಬರೆಯುತ್ತಾನೆ. ಬೇಸರ ತರುವ ಈ ಕೆಲಸದಲ್ಲಿಯೇ ಸಾವಿರ ಚೂರುಗಳು ಬೆರಳ ನಡುವೆ ಹಾಯ್ದು ಕಣ್ಣು ಪಳಗುತ್ತದೆ. ಮೂರನೆಯದಾಗಿ ಬೇರೆಯವರು ಕೊರೆದ ಗೋಡೆಯ ಪದರಗಳನ್ನು ನೋಡಿ ಚಿತ್ರ ಬರೆಯುತ್ತಾನೆ. ತಾನು ಕಂಡ ಗೆರೆಯನ್ನು ಗುರುವೂ ಕಾಣುವನೇ ಎಂದು ಒರೆಹಚ್ಚುತ್ತಾನೆ. ಇವೆಲ್ಲ ಮುಗಿದ ಮೇಲೆಯೇ ಕರಣೆ; ಅದೂ ಮೊದಲು ಈಗಾಗಲೇ ಕೆಟ್ಟಿರುವ ಎಡೆಯಲ್ಲಿ, ನಿಧಿಶೋಧಕನು ಕೆದಕಿ ಬಿಟ್ಟ ಗುಂಡಿಯಲ್ಲಿ, ಯಂತ್ರವು ಅರ್ಧ ತಿಂದ ದಿಣ್ಣೆಯ ಅಂಚಿನಲ್ಲಿ. ಕೆಟ್ಟುದರಲ್ಲಿಯೂ ಉಳಿದ ಸಾಕ್ಷ್ಯಕ್ಕೆ ಬೆಲೆಯಿಲ್ಲವೆಂದಲ್ಲ. ಆದರೆ ಅಲ್ಲಿ ತಡಮಾಡಿದರೆ ಉಳಿದುದೂ ಹೋಗುತ್ತದೆ. ಕಲಿಯುವವನ ನಿಧಾನವಾದ ಕೈಯೂ ಅಲ್ಲಿ ನಷ್ಟಕ್ಕಿಂತ ಲಾಭವನ್ನೇ ಹೆಚ್ಚಿಸುತ್ತದೆ. ಮೂಡುಕೊಣಾಜೆಯ ಒಂಬತ್ತರಲ್ಲಿ ಕೆಡದಿರುವ ಎರಡನ್ನು ಮುಟ್ಟದೆ ಬಿಡುವುದು, ಕೆಟ್ಟಿರುವ ಏಳರಿಂದ ಕಲಿಯುವುದು. ನ್ಯಾಯವಾದ ಕ್ರಮವನ್ನು ಇದಕ್ಕಿಂತ ಚಿಕ್ಕದಾಗಿ ಹೇಳುವುದು ಕಷ್ಟ.

ಇಲ್ಲಿ ಇನ್ನೊಬ್ಬ ಗುರುವನ್ನು ಮರೆಯಕೂಡದು. ಎಲ್ಲ ಉತ್ಖನನಗಳಲ್ಲಿಯೂ ಬಹುಪಾಲು ಮಣ್ಣನ್ನು ನಿಜವಾಗಿ ಎತ್ತುವವರು ಸುತ್ತಣ ಹಳ್ಳಿಯ ಕೂಲಿಗಳು. ಯಾವ ಮಣ್ಣು ತನ್ನ ಜಾಗದ್ದು, ಯಾವುದು ಹೊರಗಿನಿಂದ ಬಂದದ್ದು ಎಂಬುದನ್ನು ಬಾವಿ ತೋಡಿದವನೂ ಗದ್ದೆ ಹೂಡಿದವನೂ ಪಟ್ಟಣದ ಪದವೀಧರನಿಗಿಂತ ಬೇಗನೆ ಬಲ್ಲನು. ವಿದ್ಯಾರ್ಥಿಯು ಅವರ ಪಕ್ಕದಲ್ಲಿ ಕುಳಿತು ಬುಟ್ಟಿ ಹೊತ್ತು ಕಲಿತರೆ ಎರಡು ಪ್ರಯೋಜನಗಳಿವೆ: ಅವರ ಕಣ್ಣಿನ ಸೂಕ್ಷ್ಮವು ಇವನಿಗೆ ಬರುತ್ತದೆ, ಇವನ ಕೆಲಸದ ಅರ್ಥವು ಅವರಿಗೆ ತಿಳಿಯುತ್ತದೆ. ವರದಿಯ ಪುಟಗಳಲ್ಲಿ ಅವರ ಹೆಸರುಗಳು ಬರುವುದು ಅಪರೂಪ. ಸಾವಿರಾರು ವರ್ಷಗಳ ಹಿಂದಿನ ಹೆಸರಿಲ್ಲದವರ ಬಾಳನ್ನು ಬೆಳಕಿಗೆ ತರುವ ವಿದ್ಯೆಯು, ತನ್ನ ಪಕ್ಕದಲ್ಲಿ ಬೆವರಿದವರನ್ನು ಹೆಸರಿಲ್ಲದವರನ್ನಾಗಿ ಮಾಡುವುದು ಸರಿಯಲ್ಲ.

ಕೊನೆಯದಾಗಿ ಋಣದ ವಿಚಾರ. ಮನುಷ್ಯನು ಋಣಗಳನ್ನು ಹೊತ್ತುಕೊಂಡೇ ಹುಟ್ಟುತ್ತಾನೆಂದು ಶಾಸ್ತ್ರವು ಹೇಳುತ್ತದೆ. ಋಷಿಗಳ ಋಣವನ್ನು ಅಧ್ಯಯನದಿಂದಲೂ ಪಿತೃಗಳ ಋಣವನ್ನು ಸಂತತಿ ಮುಂದುವರಿಯುವುದರಿಂದಲೂ ತೀರಿಸಬೇಕು. ಸತ್ತವರ ಸಾಲವನ್ನು ಮುಂದೆ ಬರುವವರಿಗೆ ಸಲ್ಲಿಸಬೇಕೆಂಬ ಈ ಲೆಕ್ಕವು ಅಗೆಯುವವನಿಗೆ ಅಕ್ಷರಶಃ ಒಪ್ಪುತ್ತದೆ. ಗೋರಿಯಿಂದ ಬೊಂಬೆಯನ್ನು ಎತ್ತಿದ ಕ್ಷಣವೇ ಅವನು ಸಾಲಗಾರನಾದನು. ಇಟ್ಟವರಿಗೆ ಅದನ್ನು ಮರಳಿಸುವಂತಿಲ್ಲ. ತಿಳಿಯಬೇಕಾದವರಿಗೆ ತಿಳಿಸುವುದೊಂದೇ ದಾರಿ. ಆದುದರಿಂದ ಬರೆದು ಪ್ರಕಟಿಸದ ಉತ್ಖನನವು ಅರ್ಧ ಮುಗಿದ ಕೆಲಸವಲ್ಲ. ಅದು ಓದಿದ ಓಲೆಯನ್ನು ಸುಟ್ಟು ಓದಿದ್ದನ್ನು ಯಾರಿಗೂ ಹೇಳದವನ ಅಪರಾಧ. ದಿನದ ಕೆಲಸ ಮುಗಿದು ಕೈಕಾಲು ತೊಳೆದು ಎಲ್ಲರೂ ಊಟಕ್ಕೆ ಏಳುವ ಹೊತ್ತಿನಲ್ಲಿ, ದೀಪದ ಮುಂದೆ ಕುಳಿತು ಆ ದಿನದ ಪುಸ್ತಕವನ್ನು ಬರೆದು ಮುಗಿಸಿದ ಮೇಲೆಯೇ ಎದ್ದವನು ಸಾಲ ತೀರಿಸುವ ಅಭ್ಯಾಸವನ್ನು ಕಲಿತನು. ಶಿಬಿರದಲ್ಲಿ ಕಲಿಸಬೇಕಾದ ಕಠಿನವಾದ ಪಾಠವು ಗುದ್ದಲಿಯದಲ್ಲ, ಆ ಪುಸ್ತಕದ್ದು.

ಮೊದಲು ಕೇಳಿದ ಎರಡು ಪ್ರಶ್ನೆಗಳಿಗೂ ಈಗ ಒಂದೇ ಉತ್ತರವು ದೊರೆಯುತ್ತದೆ. ಕೋರೆಯ ಗುಳಿಯಿಂದ ಕಲ್ಲನ್ನು ಒಯ್ದವನು ಆ ನೆಲಕ್ಕೆ ಏನನ್ನೂ ಬಾಕಿ ಕೊಡಬೇಕಾಗಿಲ್ಲವೆಂದು ತಿಳಿಯುತ್ತಾನೆ. ಶೋಧಕನು ತಾನು ಒಯ್ದುದಕ್ಕೆಲ್ಲ ಬಾಕಿದಾರನೆಂದು ತಿಳಿಯುತ್ತಾನೆ. ವ್ಯಾಪಾರಕ್ಕೂ ವಿದ್ಯೆಗೂ ಇರುವ ಭೇದವು ಗುಳಿಯಲ್ಲಿ ಕಾಣತಕ್ಕದ್ದಲ್ಲ, ಈ ಬಾಕಿಯ ಅರಿವಿನಲ್ಲಿ ಕಾಣತಕ್ಕದ್ದು. ಆ ಅರಿವು ಮೂಡಿದ ಎಳೆಯ ಕೈಗೆ ಕರಣೆಯನ್ನು ಕೊಡಬಹುದು. ಅದು ಮೂಡದ ಹಿರಿಯ ಕೈಯಿಂದ ಕಿತ್ತುಕೊಳ್ಳಲೂಬಹುದು. ಪದವಿನ ಹುಲ್ಲಿನ ಕೆಳಗೆ ಇನ್ನೂ ಏನೇನು ಮಲಗಿದೆಯೋ ತಿಳಿಯದು. ಕಲಿತವನೊಬ್ಬನು ಅದರ ಮೇಲೆ ನಡೆದುಹೋಗುವಾಗ ಒಂದು ಕಲ್ಲಿನ ಅಂಚನ್ನು ಗುರುತಿಸಿ, ತನ್ನ ಪುಸ್ತಕದಲ್ಲಿ ಬರೆದುಕೊಂಡು, ಅದನ್ನು ಇದ್ದಲ್ಲಿಯೇ ಇರಗೊಟ್ಟು ಮುಂದೆ ಹೋದರೆ, ಅವನ ಶಿಕ್ಷಣವು ಸಾರ್ಥಕವಾಯಿತೆಂದು ತಿಳಿಯತಕ್ಕದ್ದು.